ಸಣ್ಣ ಅಂಗಡಿಯ ಒಳಜೋಡಣೆ: ಬೆಂಗಳೂರಿನ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಶಟರ್, ಹೆಚ್ಚೆಂದರೆ ಮೂರು ಶಟರ್ ಇರುವ ಅಂಗಡಿಯವರಿಗಾಗಿ ಇದನ್ನು ಬರೆದಿದೆ: ಬಟ್ಟೆ, ದಿನಸಿ, ಚಪ್ಪಲಿ, ಫ್ಯಾನ್ಸಿ ಸ್ಟೋರ್, ಬೇಕರಿ, ಪುಸ್ತಕ ಮತ್ತು ಲೇಖನ ಸಾಮಗ್ರಿ. ಮಾಲ್‌ನಲ್ಲಿ ಫ್ರಾಂಚೈಸಿ ತೆಗೆದುಕೊಂಡವರಿಗೆ ಮೊಳೆ ಎಲ್ಲಿ ಹೊಡೆಯಬೇಕೆಂಬುದನ್ನೂ ಕಂಪನಿಯೇ ನಕ್ಷೆ ಬರೆದು ಕಳುಹಿಸುತ್ತದೆ. ಅವರಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ.

ನನ್ನದು ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಅಂಗಡಿ. ಇಷ್ಟು ಜಾಗದಲ್ಲಿ ವಿನ್ಯಾಸ ಎಂದು ಏನು ಮಾಡುವುದು?

ಬಾಡಿಗೆ ಕರಾರಿನಲ್ಲಿ ಬರೆದಿರುವುದು ನೆಲದ ಲೆಕ್ಕ, 200 ಚದರ ಅಡಿ. ಆದರೆ ನೀವು ವ್ಯಾಪಾರ ಮಾಡುವುದು ಗೋಡೆಯ ಮೇಲೆ. ಕೈಗೆಟಕುವ ಎತ್ತರ ಏಳು ಅಡಿ ಎಂದಿಟ್ಟುಕೊಂಡರೆ ಎರಡು ಉದ್ದದ ಗೋಡೆಗಳಿಂದ 280, ಹಿಂದಿನ ಗೋಡೆಯಿಂದ 70, ಒಟ್ಟು 350 ಚದರ ಅಡಿ ಸಿಗುತ್ತದೆ. ನೆಲಕ್ಕಿಂತ ಗೋಡೆಯೇ ದೊಡ್ಡದು. ಹಾಗಾಗಿ ಮೊದಲ ಯೋಚನೆ ಗೋಡೆಯದಾಗಿರಲಿ. ನೆಲವನ್ನು ಜನ ನಿಲ್ಲುವುದಕ್ಕೆ ಬಿಡಿ.

ಎರಡೂ ಬದಿಗೆ 15 ಇಂಚು ಆಳದ ರ್‍ಯಾಕ್ ಹಾಕಿದರೆ ನಡುವೆ ಏಳೂವರೆ ಅಡಿ ಉಳಿಯುತ್ತದೆ. ಇಷ್ಟು ಜಾಗ ಖಾಲಿ ಬಿದ್ದಿರುವುದನ್ನು ನೋಡಿ ಸುಮ್ಮನಿರಲಾಗದೆ ಹೆಚ್ಚಿನವರು ನಡುವೆ ಮೂರು ಅಡಿಯ ಇನ್ನೊಂದು ರ್‍ಯಾಕ್ ತಂದು ನಿಲ್ಲಿಸುತ್ತಾರೆ. ಆಗ ಎರಡೂ ಕಡೆ ಉಳಿಯುವುದು ಎರಡೂಕಾಲು ಅಡಿಯ ಓಣಿ. ಒಬ್ಬರು ನಿಂತರೆ ಇನ್ನೊಬ್ಬರು ದಾಟುವಂತಿಲ್ಲ. ಕೆಳಗಿನ ತಟ್ಟಿನ ಸರಕು ನೋಡಲು ಬಗ್ಗಿದ ಹೆಂಗಸಿಗೆ ಹಿಂದಿನಿಂದ ಯಾರೋ ತಾಗಿದರೆ ಆಕೆ ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಹೊರಡುತ್ತಾರೆ. ಯಾಕೆ ಹೊರಟೆ ಎಂದು ಅವರೂ ಹೇಳುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಓಣಿ ಕನಿಷ್ಠ ಮೂರು ಅಡಿ ಇರಲಿ. ಬಟ್ಟೆ ಅಂಗಡಿಯಾದರೆ ನಾಲ್ಕು. ಹತ್ತು ಅಡಿ ಅಗಲದ ಅಂಗಡಿಗೆ ನಡು ರ್‍ಯಾಕ್ ಬೇಡವೇ ಬೇಡ.

ಜಾಗ ಸಾಲುತ್ತಿಲ್ಲ. ಅಟ್ಟ ಹಾಕಿಸಲೇ?

ಅಟ್ಟ ಹಾಕಿಸುವ ಮೊದಲು ಆರು ತಿಂಗಳಿಂದ ಕದಲದ ಸರಕನ್ನೆಲ್ಲ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ನೋಡಿ. ಜಾಗ ಸಾಲದೆಂದು ಕೊರಗುವ ಅಂಗಡಿಗಳಲ್ಲಿ ನಾನು ಕಂಡದ್ದು ಬಹುಮಟ್ಟಿಗೆ ಸರಕಿನ ತೊಂದರೆ. ಹೋಗದ ಮಾಲು ಒಳ್ಳೆಯ ಜಾಗ ಹಿಡಿದು ಕುಳಿತಿರುತ್ತದೆ, ಹೋಗುವ ಮಾಲು ಕಟ್ಟು ಬಿಚ್ಚದೆ ಮೂಲೆಯಲ್ಲಿ ಬಿದ್ದಿರುತ್ತದೆ. ಕೊಂಡ ಬೆಲೆಗಾದರೂ ಸರಿ, ಹಳೆಯದನ್ನು ಕಳೆದುಕೊಳ್ಳಿ. ಆಮೇಲೂ ಸಾಲದಿದ್ದರೆ ಅಟ್ಟದ ಮಾತು.

ಗ್ರಿಡ್, ಲೂಪ್, ಫ್ರೀ ಫ್ಲೋ ಎನ್ನುತ್ತಾರಲ್ಲ, ನನಗೆ ಯಾವುದು?

ಗ್ರಿಡ್ ಎಂದರೆ ಸಾಲು ಸಾಲು ರ್‍ಯಾಕ್, ನಡುವೆ ನೇರ ಓಣಿ. ದಿನಸಿ, ಔಷಧಿ, ಲೇಖನ ಸಾಮಗ್ರಿಗೆ ಒಗ್ಗುತ್ತದೆ, ಏಕೆಂದರೆ ಗಿರಾಕಿಗೆ ಏನು ಬೇಕೆಂದು ಮೊದಲೇ ಗೊತ್ತು, ಬೇಗ ಸಿಗಬೇಕು ಅಷ್ಟೆ. ಲೂಪ್ ಎಂದರೆ ಅಂಗಡಿಯನ್ನು ಒಂದು ಸುತ್ತು ಹಾಕಿಸುವ ದಾರಿ. ಫ್ರೀ ಫ್ಲೋದಲ್ಲಿ ಮೇಜು, ಹ್ಯಾಂಗರ್ ಸ್ಟ್ಯಾಂಡ್‌ಗಳನ್ನು ಬಿಡಿಬಿಡಿಯಾಗಿ ಇಟ್ಟು ಗಿರಾಕಿ ತನಗೆ ತೋಚಿದತ್ತ ಅಲೆಯಲು ಬಿಡುತ್ತಾರೆ. ಬೂಟಿಕ್, ಉಡುಗೊರೆ ಅಂಗಡಿಗಳಿಗೆ ಅದು ಸರಿ. ನಾಲ್ಕನೆಯದು ಒಂದೇ ದಾರಿ, ಬೇರೆ ದಾರಿಯೇ ಇಲ್ಲ. ಅದನ್ನು ಕಣ್ಣಾರೆ ನೋಡಬೇಕಿದ್ದರೆ 2022ರ ಜೂನ್‌ನಲ್ಲಿ ನಾಗಸಂದ್ರ ಮೆಟ್ರೋ ನಿಲ್ದಾಣದ ಬಳಿ ತೆರೆದ ಐಕಿಯಾಗೆ ಒಂದು ಭಾನುವಾರ ಹೋಗಿ ಬನ್ನಿ. ಚಮಚ ಕೊಳ್ಳಲು ಹೋದವರೂ ಸೋಫಾ, ಮಂಚ, ಅಡುಗೆಮನೆಗಳನ್ನೆಲ್ಲ ಹಾದು ಬರಬೇಕು. ಅದನ್ನು 200 ಚದರ ಅಡಿಯಲ್ಲಿ ನಕಲು ಮಾಡಲು ಹೋಗಬೇಡಿ.

ಇದೆಲ್ಲ ಶುರುವಾದದ್ದು ಗಿರಾಕಿಯ ಕೈಗೇ ಸರಕನ್ನು ಒಪ್ಪಿಸಿದ ಮೇಲೆ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ದಿನಸಿ ಅಂಗಡಿ ತೆರೆದು, ಜನರೇ ಬುಟ್ಟಿ ಹಿಡಿದು ಓಡಾಡಿ ಬೇಕಾದ್ದನ್ನು ತೆಗೆದುಕೊಳ್ಳುವಂತೆ ಮಾಡಿದ. ಅಲ್ಲಿಯವರೆಗೆ ಅಲ್ಲಿಯೂ ಕೌಂಟರಿನ ಹಿಂದೆ ನಿಂತವರು ಕೇಳಿದ್ದನ್ನು ತೆಗೆದುಕೊಡುತ್ತಿದ್ದರು. ಕಟ್ಟಿಕೊಡುವವನು ಹಿಂದೆ ಸರಿದ ಮೇಲೆ ಸರಕೇ ತನ್ನ ಪರವಾಗಿ ಮಾತಾಡಬೇಕಾಯಿತು.

ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಈ ಯಾವ ನಿಯಮವೂ ಇಲ್ಲ. ವ್ಯಾಪಾರ ಜೋರಾಗಿಯೇ ನಡೆಯುತ್ತದೆಯಲ್ಲ?

ನಡೆಯುತ್ತದೆ. ಅಲ್ಲಿ ನಿಯಮ ಇಲ್ಲವೆಂದಲ್ಲ, ಅದು ರ್‍ಯಾಕಿನಲ್ಲಿರದೆ ಸೀರೆ ತೋರಿಸುವವರ ಕೈಯಲ್ಲಿದೆ. ಚಪ್ಪಲಿ ಹೊರಗೆ ಬಿಟ್ಟು ಬಿಳಿ ಹಾಸಿನ ಗಾದಿಯ ಮೇಲೆ ಕುಳಿತ ಗಿರಾಕಿಯನ್ನು ಅವರು ಮೊದಲು ಕೇಳುವುದು ‘ಯಾರಿಗೆ, ಯಾವ ಸಮಾರಂಭಕ್ಕೆ, ಎಷ್ಟರೊಳಗೆ’ ಎಂದು. ಆಮೇಲೆ ಹೇಳಿದ ಬೆಲೆಗಿಂತ ಸ್ವಲ್ಪ ಮೇಲಿನದನ್ನು ಬಿಚ್ಚುತ್ತಾರೆ, ಸೆರಗನ್ನು ಒಂದೇ ಬೀಸಿಗೆ ಹರಡುತ್ತಾರೆ, ಮುಖದಲ್ಲಿ ಆಸೆ ಕಂಡ ಸೀರೆಯನ್ನು ಮಡಿಸದೆ ಪಕ್ಕಕ್ಕೆ ಇಡುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದರ ಪಕ್ಕ ಯಾವುದು ಎಂಬ ಒಳಜೋಡಣೆಯ ಪಾಠ ಅಲ್ಲಿ ಮುಗಿದೇ ಹೋಗಿರುತ್ತದೆ. ಕುಳಿತವರು ಸುಲಭಕ್ಕೆ ಏಳುವುದಿಲ್ಲ ಎಂಬುದೂ ಅದರ ಒಂದು ಭಾಗ.

ಇನ್ನೊಂದು ಕಾರಣ ಪೇಟೆಯ ರಚನೆಯೇ. ಕೆಂಪೇಗೌಡರ ಪೇಟೆ ಬೆಳೆದದ್ದೇ ಸರಕಿಗೊಂದು, ಕಸುಬಿಗೊಂದು ಬೀದಿಯಾಗಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಇಂದಿಗೂ ಪುಸ್ತಕಕ್ಕೆ ಅವೆನ್ಯೂ ರಸ್ತೆ, ಸೀರೆಗೆ ಚಿಕ್ಕಪೇಟೆ. ಅಲ್ಲಿಗೆ ಹೋಗುವವರು ಕೊಳ್ಳಬೇಕೆಂದು ನಿರ್ಧರಿಸಿಯೇ ಬಸ್ಸು ಹತ್ತಿರುತ್ತಾರೆ. ರಾಜರಾಜೇಶ್ವರಿ ನಗರದ ಅಡ್ಡರಸ್ತೆಯಲ್ಲಿರುವ ನಿಮ್ಮ ಅಂಗಡಿಯ ಮುಂದೆ ಹಾದುಹೋಗುವವರು ಹಾಲು ತರಲು ಹೊರಟವರು. ಅವರನ್ನು ನಿಲ್ಲಿಸುವ ಕೆಲಸ ಸರಕಿನ ಜೋಡಣೆಯದು.

ಆದರೆ ಕಿಕ್ಕಿರಿದ ಅಂಗಡಿ ಕಂಡರೆ ನಮ್ಮ ಜನಕ್ಕೆ ‘ಇಲ್ಲಿ ಅಗ್ಗ’ ಎನಿಸುವುದಿಲ್ಲವೇ?

ಎನಿಸುತ್ತದೆ, ಮತ್ತು ಅದನ್ನು ನಂಬಿ ದೊಡ್ಡ ವ್ಯಾಪಾರ ಮಾಡಿದವರಿದ್ದಾರೆ. 2001ರಲ್ಲಿ ಶುರುವಾದ ಬಿಗ್ ಬಜಾರ್ ಮಳಿಗೆಗಳಲ್ಲಿ ಅಕ್ಕಿ, ಬೇಳೆಗಳನ್ನು ರಾಶಿ ಹಾಕಿ, ನೂಕುನುಗ್ಗಲನ್ನು ಬೇಕೆಂದೇ ಉಳಿಸಿಕೊಂಡು ಸಂತೆಯ ವಾತಾವರಣ ಕಟ್ಟಿದ್ದರು. ಆದರೆ ರಾಶಿ ಹಾಕುವುದಕ್ಕೂ ತುರುಕುವುದಕ್ಕೂ ವ್ಯತ್ಯಾಸವಿದೆ. ರಾಶಿಯಲ್ಲಿ ಒಂದೇ ಸರಕು ಹೇರಳವಾಗಿ ಕಾಣುತ್ತದೆ. ತುರುಕಿದ ಕಡೆ ನಲವತ್ತು ಸರಕು ಒಂದರ ಹಿಂದೊಂದು ಅಡಗಿರುತ್ತವೆ. ಅಗ್ಗ ಎಂದು ತೋರಿಸಬೇಕಿದ್ದರೆ ಒಂದೇ ಒಂದು ಸರಕನ್ನು ಬುಟ್ಟಿ ತುಂಬಿ ಇಡಿ, ಮೇಲೆ ದೊಡ್ಡದಾಗಿ ಬೆಲೆ ಬರೆಯಿರಿ.

ಬಾಗಿಲವರೆಗೆ ಬಂದವರು ಒಳಗೆ ಇಣುಕಿ ಹೊರಟುಹೋಗುತ್ತಾರೆ. ಏನು ಕಾರಣ?

ಬಾಗಿಲಲ್ಲಿ ನಿಂತು ಸುತ್ತ ನೋಡಿದರೆ ಮುಕ್ಕಾಲು ಪಾಲು ಕಾರಣ ಕಾಣುತ್ತದೆ. ಬಿಸಿಲಿನಿಂದ ಬಂದವರ ಕಣ್ಣಿಗೆ ಮೊದಲ ಕೆಲವು ಕ್ಷಣ ಒಳಗೆ ಕತ್ತಲೆ. ಹಿಂದೆ ಆಟೋಗಳ ಹಾರ್ನ್, ಕೈಯಲ್ಲಿ ಮೊಬೈಲ್. ಹೊಸ್ತಿಲು ದಾಟಿದ ಮೊದಲ ಮೂರು ನಾಲ್ಕು ಅಡಿಯಲ್ಲಿ ಏನೇ ಇಟ್ಟರೂ ಗಿರಾಕಿಯ ಗಮನಕ್ಕೆ ಬರುವುದು ಕಡಿಮೆ. ಆ ಜಾಗವನ್ನು ಖಾಲಿ ಬಿಡಿ, ಚೆನ್ನಾಗಿ ಬೆಳಕು ಹಾಕಿ. ಬುಟ್ಟಿ, ರಿಯಾಯಿತಿ ಮೇಜು ಎಲ್ಲವೂ ಅದರಾಚೆಗೆ.

ಆ ಜಾಗದಲ್ಲಿ ನಮ್ಮ ಊರಿಗೆ ಬೇಕಾದದ್ದು ಎರಡು. ಒಂದು, ಕೊಡೆ ಇಡಲು ಬಕೆಟ್ ಮತ್ತು ದಪ್ಪ ಕಾಲೊರೆಸು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸಂಜೆ ಮಳೆ ಬರುವ ಊರಿದು, ಒದ್ದೆ ಕೊಡೆ ಹಿಡಿದವರು ಬಟ್ಟೆ ಮುಟ್ಟಲು ಹಿಂಜರಿಯುತ್ತಾರೆ. ಎರಡು, ಹೆಲ್ಮೆಟ್ ಇಡಲು ಒಂದು ಹಲಗೆ. ದ್ವಿಚಕ್ರ ವಾಹನದಲ್ಲಿ ಬಂದವರ ಒಂದು ಕೈ ಹೆಲ್ಮೆಟ್‌ಗೇ ಮೀಸಲು. ಒಂದೇ ಕೈಯಲ್ಲಿ ಅಂಗಿ ಬಿಡಿಸಿ ನೋಡುವುದು ಹೇಗೆ? ಎರಡನೆಯ ಕೈ ಬಿಡುಗಡೆ ಮಾಡಿಕೊಡಿ, ಅದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಇನ್ನೊಂದು ಸಂಗತಿ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಮಾಲೀಕರು ಬಾಗಿಲಿಗೆ ಅಡ್ಡವಾಗಿ ಮೇಜು ಹಾಕಿಕೊಂಡು ಕುಳಿತು, ಕಾಲಿಟ್ಟ ಕೂಡಲೇ ‘ಏನು ಬೇಕು?’ ಎಂದು ಕೇಳುವುದು. ಸುಮ್ಮನೆ ನೋಡಲು ಬಂದವರು ಆ ಪ್ರಶ್ನೆಗೆ ಉತ್ತರವಿಲ್ಲದೆ ಹಿಂದೆ ಸರಿಯುತ್ತಾರೆ. ‘ಬನ್ನಿ, ನೋಡಿ’ ಎಂದರೆ ಸಾಕು.

ಗಿರಾಕಿಗಳು ಒಳಗೆ ಬಂದು ಬಲಕ್ಕೇ ತಿರುಗುತ್ತಾರಂತೆ, ನಿಜವೇ?

ಅಮೆರಿಕದ ಪಾಠಗಳಲ್ಲಿ ಹಾಗಿದೆ. ಅಲ್ಲಿ ವಾಹನಗಳೂ ರಸ್ತೆಯ ಬಲಕ್ಕೇ ಓಡುತ್ತವೆ. ನಾವು ಎಡಕ್ಕೆ ಓಡಿಸುವವರು. ಅದರಿಂದ ವ್ಯತ್ಯಾಸವಾಗುತ್ತದೋ ಇಲ್ಲವೋ ಎಂದು ವಾದಿಸುವ ಬದಲು ಒಂದು ಶನಿವಾರ ಸಂಜೆ ಗಲ್ಲಾಪೆಟ್ಟಿಗೆಯ ಬಳಿ ಕಾಗದ ಇಟ್ಟುಕೊಂಡು ಎಡಕ್ಕೆ ಹೋದವರಿಗೊಂದು ಗೆರೆ, ಬಲಕ್ಕೆ ಹೋದವರಿಗೊಂದು ಗೆರೆ ಎಳೆಯಿರಿ. ನಿಮ್ಮ ಅಂಗಡಿಯಲ್ಲಿ ದಿಕ್ಕನ್ನು ತೀರ್ಮಾನಿಸುವುದು ಬಹುಶಃ ಕಂಬವೋ ಫ್ರಿಜ್ಜೋ ಬೆಳಕೋ ಆಗಿರುತ್ತದೆ. ಹೆಚ್ಚು ಜನ ಹೋಗುವ ಕಡೆ ಹೊಸ ಸರಕು, ಕಡಿಮೆ ಹೋಗುವ ಕಡೆ ಜನ ಹುಡುಕಿಕೊಂಡು ಹೋಗಿಯೇ ತೀರುವ ಸರಕು.

ವಾಸ್ತು ಪ್ರಕಾರ ಗಲ್ಲಾಪೆಟ್ಟಿಗೆ ಇಡಬೇಕು ಎನ್ನುತ್ತಾರೆ ಮನೆಯ ಹಿರಿಯರು. ವಿನ್ಯಾಸದವರು ಬೇರೆ ಕಡೆ ಇಡಿ ಎನ್ನುತ್ತಾರೆ.

ಮನೆಯಲ್ಲಿ ಜಗಳ ಬೇಡ. ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ಕೂರಬೇಕೆನ್ನುವುದು ಕುರ್ಚಿ ತಿರುಗಿಸಿದರೆ ಮುಗಿಯುತ್ತದೆ. ನನ್ನ ಷರತ್ತು ಮೂರೇ: ಅಲ್ಲಿಂದ ಬಾಗಿಲು ಕಾಣಬೇಕು, ಅಂಗಡಿಯ ಹಿಂದಿನ ಮೂಲೆ ಕಾಣಬೇಕು, ಹಣ ಕೊಡಲು ನಿಂತ ಇಬ್ಬರು ಒಳಬರುವವರಿಗೆ ಅಡ್ಡವಾಗಬಾರದು. ಇವು ಮೂರೂ ಕೂಡಿ ಬರುವ ಜಾಗ ಒಂದಕ್ಕಿಂತ ಹೆಚ್ಚು ಇದ್ದೇ ಇರುತ್ತದೆ.

ಯಾವ ಸರಕು ಯಾವ ಎತ್ತರದಲ್ಲಿರಬೇಕು?

ಕಣ್ಣಿನ ಮಟ್ಟದ ಸರಕು ಹೆಚ್ಚು ಹೋಗುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಯಾರ ಕಣ್ಣು ಎಂದು ಯಾರೂ ಕೇಳುವುದಿಲ್ಲ. ಪರದೇಶದ ಕೈಪಿಡಿಗಳಲ್ಲಿ ಐದು ಅಡಿಗಿಂತ ಮೇಲೆ ಎಂದಿರುತ್ತದೆ. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದು ಅಡಿ. ಕಣ್ಣು ಅದಕ್ಕಿಂತ ಸುಮಾರು ನಾಲ್ಕು ಇಂಚು ಕೆಳಗೆ. ನೇರ ನಿಂತಾಗ ನೋಟ ಸ್ವಲ್ಪ ಕೆಳಕ್ಕೇ ಬೀಳುತ್ತದೆ. ಹಾಗಾಗಿ ಮೂರೂವರೆ ಅಡಿಯಿಂದ ನಾಲ್ಕೂವರೆ ಅಡಿಯವರೆಗಿನ ಪಟ್ಟಿ ನಿಮ್ಮ ಅಂಗಡಿಯ ಅತ್ಯಂತ ಬೆಲೆಬಾಳುವ ಜಾಗ. ಲಾಭ ಹೆಚ್ಚಿರುವುದು, ಹೊಸದಾಗಿ ಬಂದದ್ದು ಅಲ್ಲಿರಲಿ. ಬಡಾವಣೆಯ ದಿನಸಿ ಅಂಗಡಿಗಳಲ್ಲಿ ಆರು ಅಡಿ ಎತ್ತರದಲ್ಲಿ ಸೀಗೆಪುಡಿ, ಹಪ್ಪಳ ಇಟ್ಟು ‘ಹೋಗುತ್ತಿಲ್ಲ’ ಎನ್ನುವವರನ್ನು ನೋಡಿದ್ದೇನೆ. ಕಾಣುತ್ತಿಲ್ಲ, ಅದಕ್ಕೇ ಹೋಗುತ್ತಿಲ್ಲ.

ಎರಡರಿಂದ ಮೂರು ಅಡಿ ಎತ್ತರ ಮಕ್ಕಳದು. ಅಲ್ಲಿ ಬಣ್ಣದ ಪೆನ್ಸಿಲ್, ಬಿಸ್ಕತ್ತು ಇಡುವುದು ವ್ಯಾಪಾರದ ಜಾಣತನ. ಗಾಜಿನ ಸಾಮಾನು ಇಟ್ಟರೆ ಒಡೆದದ್ದರ ಲೆಕ್ಕ ನಿಮ್ಮದೇ. ಮೊಣಕಾಲಿಗಿಂತ ಕೆಳಗೆ ಐದು ಕಿಲೋ ಚೀಲ, ಎಣ್ಣೆ ಕ್ಯಾನ್‌ನಂತಹ ಭಾರದವು. ಭಾರದ ಮಾಲು ಮೇಲಿಡುವುದು ಅಪಾಯ. ಆರು ಅಡಿಗಿಂತ ಮೇಲೆ ದಾಸ್ತಾನು ಮಾತ್ರ.

ಕಂಪನಿಯವರು ಪುಕ್ಕಟೆಯಾಗಿ ಫ್ರಿಜ್, ಸ್ಟ್ಯಾಂಡ್ ಕೊಡುತ್ತಾರೆ. ತೆಗೆದುಕೊಳ್ಳಲೇ?

ಫ್ರಿಜ್ ಪುಕ್ಕಟೆ, ಆದರೆ ಅದು ನಿಲ್ಲುವ ಆರು ಚದರ ಅಡಿಗೆ ಬಾಡಿಗೆ, ಅದು ಕುಡಿಯುವ ಕರೆಂಟಿಗೆ ಬೆಸ್ಕಾಂ ಬಿಲ್ಲು ನಿಮ್ಮದು. ಬಾಗಿಲ ಬಳಿಯೇ ನಿಲ್ಲಿಸಿ ಎಂದು ಸೇಲ್ಸ್‌ನವರು ಹಟ ಹಿಡಿಯುವುದು ಆ ಜಾಗದ ಬೆಲೆ ಅವರಿಗೆ ಗೊತ್ತಿರುವುದರಿಂದ. ಬೇಸಿಗೆಯಲ್ಲಿ ದುಡಿಯುತ್ತದೆ ಎಂದಾದರೆ ಇಟ್ಟುಕೊಳ್ಳಿ, ಜಾಗ ಮಾತ್ರ ನೀವು ಆರಿಸಿ. ಜಾಗಕ್ಕೆ ತಿಂಗಳಿಗಿಷ್ಟು ಕೊಡುವ ಕಂಪನಿಗಳೂ ಇವೆ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಷೆಗಳ ಸರಗಳನ್ನು ಶಟರ್‌ನುದ್ದಕ್ಕೂ ತೋರಣದಂತೆ ಇಳಿಬಿಡುವುದು ಇನ್ನೊಂದು ಅಭ್ಯಾಸ. ಒಂದು ರೂಪಾಯಿಯ ಸ್ಯಾಷೆ ಮಾರಲು ಇಡೀ ಅಂಗಡಿಯನ್ನೇ ಮರೆಮಾಡುತ್ತೇವೆ. ಎರಡು ಬದಿಗೆ ಎರಡು ಸಾಲು ಸಾಕು.

ಎಷ್ಟು ಬಗೆಯನ್ನು ಹೊರಗೆ ತೋರಿಸಬೇಕು? ಹೆಚ್ಚು ಆಯ್ಕೆ ಕೊಟ್ಟರೆ ಜನ ಕೊಳ್ಳುವುದಿಲ್ಲ ಎಂದು ಕೇಳಿದ್ದೇನೆ.

ಆ ಮಾತಿನ ಮೂಲ 2000ದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದ ಜಾಮ್ ಪ್ರಯೋಗ. ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಸುಮಾರು 3 ಶೇಕಡಾ ಮಂದಿ ಕೊಂಡರು, 6 ಬಗೆ ಇಟ್ಟಾಗ ಸುಮಾರು 30 ಶೇಕಡಾ. ಕಥೆ ಚೆನ್ನಾಗಿದೆ, ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. 2010ರಲ್ಲಿ ಇಂತಹ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಗೆ ಹತ್ತಿರವಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಗಿರಾಕಿಗೆ ತನಗೇನು ಬೇಕೆಂದು ಗೊತ್ತಿದ್ದರೆ ನೂರು ಬಗೆಯಿದ್ದರೂ ತೊಂದರೆಯಿಲ್ಲ. ಗೊತ್ತಿಲ್ಲದಿದ್ದರೆ ಆರಿಸಲು ದಾರಿ ಮಾಡಿಕೊಡಬೇಕು. ಚೂಡಿದಾರ್ ಅಂಗಡಿಯಲ್ಲಿ ಮೊದಲು ಅಳತೆ, ಆಮೇಲೆ ಬಣ್ಣ ಎಂದು ವಿಂಗಡಿಸಿದರೆ ಇನ್ನೂರು ಬಗೆಯೂ ಹೊರೆಯಲ್ಲ. ತನ್ನ ಅಳತೆಯದಲ್ಲದ್ದನ್ನು ಇಷ್ಟಪಟ್ಟು ನಿರಾಶರಾಗುವುದೂ ತಪ್ಪುತ್ತದೆ.

ಶೋಕೇಸ್ ಜೋಡಿಸಲು ಏನಾದರೂ ಸೂತ್ರವಿದೆಯೇ?

ದಸರೆಗೆ ಗೊಂಬೆ ಕೂರಿಸುವ ಮನೆಯವರಿಗೆ ಇದನ್ನು ಕಲಿಸಬೇಕಿಲ್ಲ. ಬೆಸಸಂಖ್ಯೆಯ ಮೆಟ್ಟಿಲು, ಮೇಲೆ ಪಟ್ಟದ ಗೊಂಬೆ, ಕೆಳಕ್ಕೆ ಬಂದಂತೆ ಚಿಕ್ಕವು ಮತ್ತು ಹೆಚ್ಚು, ಹಿಂದೆ ಮುಂದೆ ಒಂದೇ ಬಣ್ಣದ ಸಾದಾ ಬಟ್ಟೆ. ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಅಲ್ಲಿಂದ ಎಲ್ಲಿಗೆ ಇಳಿಯಬೇಕು ಎಂಬುದು ಅಲ್ಲಿ ತೀರ್ಮಾನವಾಗಿರುತ್ತದೆ. ಶೋಕೇಸಿಗೂ ಪಟ್ಟದ ಗೊಂಬೆ ಒಂದೇ ಇರಲಿ. ಮೂರು ಡಮ್ಮಿಗಳಿಗೆ ಮೂರು ಬಣ್ಣದ ಜರಿ ಲೆಹೆಂಗಾ ತೊಡಿಸಿದರೆ ಮೂರೂ ಕಾಣುವುದಿಲ್ಲ. ಒಂದಕ್ಕೆ ಲೆಹೆಂಗಾ, ಉಳಿದೆರಡಕ್ಕೆ ಅದರ ಬಣ್ಣಕ್ಕೆ ಹೊಂದುವ ಸಾದಾ ಉಡುಪು.

ಡಮ್ಮಿಯ ಮೇಲಿರುವ ಬಟ್ಟೆ ಒಳಗೆ ಎಲ್ಲಿ ಸಿಗುತ್ತದೆ ಎಂಬುದು ಬಾಗಿಲು ದಾಟಿದ ಕೂಡಲೇ ತಿಳಿಯಬೇಕು. ‘ಅದು ಸ್ಟಾಕ್ ಇಲ್ಲ, ಬೇರೆ ತೋರಿಸುತ್ತೇನೆ’ ಎಂದು ಹೇಳಬೇಕಾಗಿ ಬಂದರೆ ಶೋಕೇಸ್ ಇಲ್ಲದಿದ್ದರೇ ಚೆನ್ನ. ಪಶ್ಚಿಮಕ್ಕೆ ಮುಖವಿರುವ ಅಂಗಡಿಯಾದರೆ ಫೆಬ್ರವರಿಯಿಂದ ಮೇವರೆಗೆ ಸಂಜೆಯ ಬಿಸಿಲಿಗೆ ಬಣ್ಣ ಮಾಸುತ್ತದೆ. ವಾರಕ್ಕೊಮ್ಮೆ ಬದಲಾಯಿಸಿ, ರೇಷ್ಮೆಯನ್ನಂತೂ ಅಲ್ಲಿ ಇಡಬೇಡಿ.

ಗಾಜಿನ ಬಾಗಿಲು, ಎಸಿ ಹಾಕಿಸಿದರೆ ವ್ಯಾಪಾರ ಹೆಚ್ಚುತ್ತದೆಯೇ?

ಎಸಿ ಕಂಡರೆ ‘ಇಲ್ಲಿ ರೇಟು ಜಾಸ್ತಿ’ ಎಂದು ಮುಂದೆ ಹೋಗುವವರು ಈಗಲೂ ಇದ್ದಾರೆ. ರೇಷ್ಮೆ, ಆಭರಣ, ಚಾಕೊಲೇಟ್‌ಗೆ ಬೇಕು. ದಿನಸಿಗೆ, ಫ್ಯಾನ್ಸಿ ಸ್ಟೋರಿಗೆ ಈ ಊರಿನ ಹವೆಯಲ್ಲಿ ಬೇಡ. ಮೆಟ್ರೋ ಕಾಮಗಾರಿಯ ದೂಳು ಬರುವ ರಸ್ತೆಯಾದರೆ ಮಾತ್ರ ಗಾಜು ಹಾಕಿಸಿ, ಹಗಲಿನಲ್ಲಿ ಬಾಗಿಲನ್ನು ಅರ್ಧ ತೆರೆದಿಡಿ.

ಲೈಟು ಯಾವ ರೀತಿಯದು ಹಾಕಿಸಬೇಕು?

ಸೀರೆಯನ್ನು ಬಾಗಿಲವರೆಗೆ ತೆಗೆದುಕೊಂಡು ಹೋಗಿ ಬಿಸಿಲಿಗೆ ಹಿಡಿದು ನೋಡುವ ಹೆಂಗಸರು ನಿಮ್ಮ ಲೈಟನ್ನು ನಂಬಿಲ್ಲ ಎಂದೇ ಅರ್ಥ, ಮತ್ತು ಅವರ ಅನುಮಾನ ಸರಿಯಾಗಿಯೇ ಇದೆ. ಬಲ್ಬು ಕೊಳ್ಳುವಾಗ ವ್ಯಾಟ್ ಮಾತ್ರ ನೋಡಬೇಡಿ, ಇನ್ನೆರಡು ಅಂಕಿಗಳನ್ನು ನೋಡಿ. ಮೊದಲನೆಯದು ಕೆಲ್ವಿನ್: 3000 ಹಳದಿ ಛಾಯೆ, 4000 ತಟಸ್ಥ ಬಿಳಿ, 6500 ನೀಲಿ ಛಾಯೆಯ ಬಿಳಿ. ಚಿನ್ನ, ಬೇಕರಿ ತಿನಿಸಿಗೆ 3000, ಬಟ್ಟೆಗೆ 4000, ಬೆಳ್ಳಿ ಮತ್ತು ವಜ್ರಕ್ಕೆ ಅದಕ್ಕಿಂತ ಮೇಲೆ. ನಮ್ಮ ಅಂಗಡಿಗಳಲ್ಲಿ ಎಲ್ಲದಕ್ಕೂ 6500 ಹಾಕುವ ಚಾಳಿಯಿದೆ, ಆ ಬೆಳಕಿನಲ್ಲಿ ಅರಿಸಿನ ಬಣ್ಣದ ಸೀರೆ ಹಸಿರಾಗಿ, ಟ್ರಯಲ್ ರೂಮಿನ ಕನ್ನಡಿಯಲ್ಲಿ ಮುಖ ಕಾಯಿಲೆ ಬಿದ್ದಂತೆ ಕಾಣುತ್ತದೆ. ಎರಡನೆಯ ಅಂಕಿ ಸಿಆರ್‌ಐ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ, ನೂರಕ್ಕೆ ಇಷ್ಟು ಎಂದು. ಮಾಮೂಲು ಬಲ್ಬುಗಳು 80ರ ಆಸುಪಾಸು. ಬಟ್ಟೆ ಅಂಗಡಿಗೆ 90ಕ್ಕೆ ಕಡಿಮೆ ಬೇಡ. ಬೆಲೆ ಹೆಚ್ಚು, ಆದರೆ ‘ಮನೆಗೆ ಹೋಗಿ ನೋಡಿದರೆ ಬಣ್ಣವೇ ಬೇರೆ’ ಎಂದು ವಾಪಸ್ ತರುವವರು ಕಡಿಮೆಯಾಗುತ್ತಾರೆ.

ಇನ್ನು ಜಾಗ. ಚಾವಣಿಯ ನಟ್ಟನಡುವೆ ಟ್ಯೂಬ್ ಹಾಕಿದರೆ ಬೆಳಗುವುದು ನೆಲ ಮತ್ತು ಗಿರಾಕಿಯ ನೆತ್ತಿ. ರ್‍ಯಾಕಿನಿಂದ ಎರಡೂವರೆ ಅಡಿ ಮುಂದಕ್ಕೆ ಟ್ರ್ಯಾಕ್, ಅಂದರೆ ಲೈಟು ಕೂರಿಸುವ ಪಟ್ಟಿ, ಹಾಕಿಸಿ ಲೈಟನ್ನು ಗೋಡೆಯ ಕಡೆಗೆ ಓರೆ ಮಾಡಿ. ನೇರ ಕೆಳಕ್ಕೆ ಬೀಳುವ ಗೆರೆಯಿಂದ ಸುಮಾರು 30 ಡಿಗ್ರಿ ಓರೆಯಿದ್ದರೆ ಕಣ್ಣಿಗೂ ಕುಕ್ಕುವುದಿಲ್ಲ, ನಿಂತವರ ನೆರಳೂ ಸರಕಿನ ಮೇಲೆ ಬೀಳುವುದಿಲ್ಲ. ಎಲ್ಲ ಕಡೆ ಒಂದೇ ಪ್ರಖರತೆ ಬೇಡ. ತೋರಿಸಬೇಕಾದ್ದರ ಮೇಲೆ ಸುತ್ತಲಿನದಕ್ಕಿಂತ ಮೂರು ಪಟ್ಟು ಬೆಳಕಿದ್ದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಬಟ್ಟೆ ದಾಸ್ತಾನಿರುವ ಅಟ್ಟದಲ್ಲಿ ವೈರಿಂಗ್ ಬಿಡಿಬಿಡಿಯಾಗಿ ತೂಗಾಡುತ್ತಿದ್ದರೆ ಲೈಟಿಗಿಂತ ಮೊದಲು ಅದನ್ನು ಸರಿಪಡಿಸಿ.

ಗೋಡೆಗೆ ಯಾವ ಬಣ್ಣ?

ಮಾಸಲು ಬಿಳಿ ಅಥವಾ ತಿಳಿ ಬೂದು. ಬಣ್ಣ ಸರಕಿನಲ್ಲಿರಲಿ.

ನಾಮಫಲಕಕ್ಕೆ ಏನು ನಿಯಮ?

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಫಲಕದ 60 ಶೇಕಡಾ ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಇಂಗ್ಲಿಷ್ ಹೆಸರನ್ನು ಕಂಪ್ಯೂಟರ್ ಕೊಟ್ಟಂತೆ ಲಿಪ್ಯಂತರಿಸಿ ‘ಪ್ಯಾಶನ್’ ಎಂದೋ ‘ಸ್ಟೊರ್’ ಎಂದೋ ತಪ್ಪು ಬರೆಸಿ ನಿಯಮ ಪಾಲಿಸಿದೆ ಎನ್ನುವವರಿದ್ದಾರೆ. ಅಕ್ಷರ ಬಲ್ಲ ಒಬ್ಬರಿಗೆ ತೋರಿಸಿ ಆಮೇಲೆ ಅಚ್ಚಿಗೆ ಕೊಡಿ. ಫಲಕ ಓದುವವರು ಚಲಿಸುವ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಇರುತ್ತಾರೆ: ಹೆಸರು, ಏನು ಮಾರುತ್ತೀರಿ ಎಂಬುದು, ಅಷ್ಟು ಸಾಕು. ಮೂರು ಮೊಬೈಲ್ ಸಂಖ್ಯೆ ಬೇಡ.

ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾಗಿವೆ. ಪರವಾನಗಿಯ ಕೆಲಸಕ್ಕೆ ಹೋಗುವ ಮೊದಲು ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಳ್ಳಿ.

ಅಂಗಡಿ ಮುಂದಿನ ಫುಟ್‌ಪಾತ್‌ನಲ್ಲಿ ಸ್ವಲ್ಪ ಸರಕು ಇಡಬಹುದೇ?

ಇಡಬಾರದು. ಎಲ್ಲರೂ ಇಡುತ್ತಾರೆ ಎಂಬುದು ಕಾನೂನಿಗೆ ಉತ್ತರವಾಗುವುದಿಲ್ಲ. ಪಾಲಿಕೆಯ ಲಾರಿ ಬಂದ ದಿನ ಸ್ಟ್ಯಾಂಡೂ ಹೋಗುತ್ತದೆ, ಸರಕೂ ಹೋಗುತ್ತದೆ. ವ್ಯಾಪಾರದ ದೃಷ್ಟಿಯಿಂದಲೂ ಅದು ಸರಿಯಲ್ಲ: ಬುಟ್ಟಿ ಸುತ್ತಿಕೊಂಡು ರಸ್ತೆಗೆ ಇಳಿದು ನಡೆಯುವವರು ನಿಮ್ಮ ಅಂಗಡಿಯತ್ತ ನೋಡುವುದಿಲ್ಲ, ಹಿಂದಿನಿಂದ ಬರುವ ಬಸ್ಸನ್ನು ನೋಡುತ್ತಾರೆ. ಶಟರ್ ಗೆರೆಯ ಒಳಗೆ ಒಂದು ಅಡಿ ಬಿಟ್ಟು ಇಳಿಜಾರಿನ ಸ್ಟ್ಯಾಂಡ್ ಹಾಕಿದರೆ ಹೊರಗಿಟ್ಟಷ್ಟೇ ಚೆನ್ನಾಗಿ ಕಾಣುತ್ತದೆ. ಫ್ಲೆಕ್ಸ್ ಬ್ಯಾನರ್ ಕೂಡ ಬೇಡ, ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಅದನ್ನೂ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬಟ್ಟೆಯ ಮೇಲೆ ಬರೆಸಿ.

ಗಾಲಿಕುರ್ಚಿಯವರಿಗೆ, ವಯಸ್ಸಾದವರಿಗೆ ಏನು ಮಾಡಬಹುದು?

ಚರಂಡಿ ಮೇಲಿನ ಚಪ್ಪಡಿ ದಾಟಿ ಮೂರು ಮೆಟ್ಟಿಲು ಹತ್ತುವ ಅಂಗಡಿಗಳೇ ನಮ್ಮಲ್ಲಿ ಹೆಚ್ಚು. ಇಳಿಜಾರಿಗೆ ಅಳತೆ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅಷ್ಟು ಜಾಗ ಫುಟ್‌ಪಾತ್ ಬಿಟ್ಟು ಎಲ್ಲಿಂದ ಬರಬೇಕು ಎಂದರೆ ನ್ಯಾಯವೇ. ಎತ್ತರ ಆರು ಇಂಚಾದರೆ ಮಡಚಿ ಇಡಬಹುದಾದ ಇಳಿಜಾರು ಹಲಗೆ ಸಾಕು. ಹೆಚ್ಚಿದ್ದರೆ ಗಟ್ಟಿಯಾದ ಹಿಡಿಗಂಬಿಯಾದರೂ ಹಾಕಿಸಿ. ಗಾಲಿಕುರ್ಚಿ ಸಾಗಲು 90 ಸೆಂಟಿಮೀಟರ್ ಅಗಲದ ದಾರಿ ಬೇಕು, ಮೇಲೆ ಹೇಳಿದ ಮೂರು ಅಡಿಯ ಓಣಿಯ ಲೆಕ್ಕ ಇಲ್ಲಿಗೂ ಸರಿಹೋಗುತ್ತದೆ. ಒಳಗೆ ಎರಡು ಕುರ್ಚಿ ಇಡಿ. ಸೊಸೆ ಬಟ್ಟೆ ನೋಡುವಷ್ಟು ಹೊತ್ತು ಅತ್ತೆ ಕುಳಿತಿದ್ದರೆ ‘ಸಾಕು, ನಡಿ’ ಎನ್ನುವುದಿಲ್ಲ. ಕೆಲಸದವರಿಗೂ ಸ್ಟೂಲು ಕೊಡಿ. ಕುಳಿತುಕೊಳ್ಳುವ ಹಕ್ಕಿಗಾಗಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿವೆ.

ಬೆಲೆ ಚೀಟಿ ಹಾಕಿದರೆ ಚೌಕಾಸಿಗೆ ಜಾಗವಿರುವುದಿಲ್ಲವಲ್ಲ?

ಚೌಕಾಸಿ ಮಾಡುವವರು ಚೀಟಿ ಇದ್ದರೂ ಮಾಡುತ್ತಾರೆ. ಚೀಟಿ ಬೇಕಾಗಿರುವುದು ಬೆಲೆ ಕೇಳಲು ಸಂಕೋಚಪಡುವವರಿಗೆ. ಅಂತಹವರು ಕಾಲೇಜು ಮಕ್ಕಳಲ್ಲಿ, ಹೊಸದಾಗಿ ಊರಿಗೆ ಬಂದವರಲ್ಲಿ ಬಹಳ. ಪೊಟ್ಟಣದ ಸರಕಿಗೆ ರಿಯಾಯಿತಿ ಚೀಟಿ ಅಂಟಿಸುವಾಗ ಮುದ್ರಿತ ಗರಿಷ್ಠ ಮಾರಾಟ ಬೆಲೆಯನ್ನು ಮುಚ್ಚಬೇಡಿ. ಕಡಿಮೆ ಬೆಲೆಯ ಚೀಟಿ ಹಚ್ಚಬಹುದು, ಹಳೆಯದು ಕಾಣುತ್ತಲೇ ಇರಬೇಕು ಎನ್ನುತ್ತವೆ 2011ರ ಪೊಟ್ಟಣ ಸರಕು ನಿಯಮಗಳು. ಗಿರಾಕಿಗೆ ಎರಡೂ ಅಂಕಿ ಕಾಣುವುದು ನಿಮಗೂ ಲಾಭವೇ.

ಹಾಡು ಹಾಕಬಹುದೇ?

1982ರಲ್ಲಿ ಅಮೆರಿಕದ ರೊನಾಲ್ಡ್ ಮಿಲಿಮನ್ ಸೂಪರ್‌ಮಾರ್ಕೆಟ್ ಒಂದರಲ್ಲಿ ನಿಧಾನ ಲಯದ ಸಂಗೀತ ಹಾಕಿದಾಗ ವೇಗದ ಸಂಗೀತಕ್ಕೆ ಹೋಲಿಸಿದರೆ ಮಾರಾಟ 38 ಶೇಕಡಾ ಹೆಚ್ಚಾಗಿತ್ತು. ನಿಮ್ಮಲ್ಲೂ ಅಷ್ಟೇ ಆಗುತ್ತದೆ ಎಂದುಕೊಳ್ಳಬೇಡಿ. ಧ್ವನಿಮುದ್ರಿತ ಹಾಡುಗಳನ್ನು ಅಂಗಡಿಯಲ್ಲಿ ಹಾಕಲು ಹಕ್ಕುದಾರರ ಪರವಾನಗಿ ಬೇಕು ಎಂಬುದನ್ನೂ ಮರೆಯಬೇಡಿ. ಬೆಳಗಿನ ಊದುಬತ್ತಿ ಸರಿ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ಬೇಡ. ಹೊಗೆ ಬಟ್ಟೆಗೆ ಅಂಟುತ್ತದೆ.

ವರ್ಷದಲ್ಲಿ ಯಾವಾಗ ಏನನ್ನು ಮುಂದಕ್ಕೆ ತರಬೇಕು?

ಪಂಚಾಂಗವನ್ನು ಗಲ್ಲಾದ ಪಕ್ಕದಲ್ಲೇ ತೂಗುಹಾಕಿ. ಆಷಾಢದಲ್ಲಿ ಮದುವೆಗಳಿಲ್ಲ, ಅದಕ್ಕೇ ಊರಿಡೀ ಆಷಾಢ ರಿಯಾಯಿತಿ. ಆ ತಿಂಗಳು ಹಳೆಯ ದಾಸ್ತಾನು ಮುಂದಿನ ಮೇಜಿಗೆ ಬರಲಿ. ಆಷಾಢ ಮುಗಿದು ಶ್ರಾವಣ ಹುಟ್ಟುವ ಹೊತ್ತಿಗೆ ಅದು ಕಣ್ಮರೆಯಾಗಿ ವರಮಹಾಲಕ್ಷ್ಮಿಯ ಸೀರೆ, ಬೆಳ್ಳಿ ಮುಖವಾಡ, ಬಳೆ, ಅರಿಸಿನ ಕುಂಕುಮದ ತಟ್ಟೆ ಆ ಜಾಗ ಹಿಡಿಯಬೇಕು. ಹಬ್ಬಕ್ಕೆ ಎರಡು ವಾರ ಮುಂಚೆ ಜೋಡಿಸಿದರೆ ಉಪಯೋಗ, ಹಿಂದಿನ ದಿನ ಜೋಡಿಸಿದರೆ ಅಲಂಕಾರ. ಗೌರಿ ಗಣೇಶಕ್ಕೆ ಬಾಗಿನದ ಸಾಮಾನನ್ನೆಲ್ಲ ಒಂದೇ ಕಡೆ ಇಡಿ: ಮೊರ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ. ಐದು ಕಡೆ ಹುಡುಕಬೇಕಾದವರು ಮೂರು ಕೊಂಡು ಹೋಗುತ್ತಾರೆ, ಒಂದೇ ಕಡೆ ಸಿಕ್ಕವರು ಐದನ್ನೂ ಕೊಳ್ಳುತ್ತಾರೆ. ಸಂಕ್ರಾಂತಿಯ ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚಿಗೂ ಇದೇ ಮಾತು. ಪಿತೃಪಕ್ಷದಲ್ಲಿ ಜನ ಹೊಸದನ್ನು ಕೊಳ್ಳುವುದಿಲ್ಲ. ರ್‍ಯಾಕ್ ಸರಿಸುವುದು, ಬಣ್ಣ ಹೊಡೆಸುವುದು ಆಗ ಮಾಡಿಸಿ.

ಐವತ್ತು ಸಾವಿರ ಇದೆ. ಮೊದಲು ಯಾವುದಕ್ಕೆ ಖರ್ಚು ಮಾಡಲಿ?

ಬೆಳಕಿಗೆ. ಆಮೇಲೆ ಎತ್ತರ ಬದಲಾಯಿಸಬಹುದಾದ ಗೋಡೆ ರ್‍ಯಾಕಿಗೆ. ಉಳಿದರೆ ಫಲಕಕ್ಕೆ. ಫಾಲ್ಸ್ ಸೀಲಿಂಗ್ ಕೊನೆಯದು, ಹಾಕಿಸದಿದ್ದರೆ ಇನ್ನೂ ಒಳ್ಳೆಯದು: ಚಾವಣಿ ತಗ್ಗುತ್ತದೆ, ಇಲಿ ಸೇರುತ್ತದೆ, ಅಂಗಡಿ ಖಾಲಿ ಮಾಡುವಾಗ ಕಿತ್ತುಕೊಂಡು ಹೋಗಲೂ ಬರುವುದಿಲ್ಲ. ಬಾಡಿಗೆ ಅಂಗಡಿಯಲ್ಲಿ ಗೋಡೆಗೆ ಕಟ್ಟಿಬಿಡುವ ಮರಗೆಲಸಕ್ಕೆ ಹಣ ಸುರಿಯುವವರನ್ನು ಕಂಡರೆ ಮಾಲೀಕರಿಗೆ ಮಾತ್ರ ಸಂತೋಷ.

ಬದಲಾವಣೆ ಮಾಡಿದ ಮೇಲೆ ಪ್ರಯೋಜನವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಒಳಗೆ ಬಂದವರೆಷ್ಟು, ಬಿಲ್ಲು ಮಾಡಿಸಿದವರೆಷ್ಟು, ಒಂದು ಬಿಲ್ಲಿನಲ್ಲಿ ಎಷ್ಟು ಸರಕು: ಈ ಮೂರನ್ನು ಬದಲಾವಣೆಗೆ ಎರಡು ವಾರ ಮೊದಲಿನಿಂದ ಬರೆದಿಡಿ. ಬಂದವರು ಕಡಿಮೆಯಿದ್ದರೆ ತೊಂದರೆ ಹೊರಗಡೆ, ಅಂದರೆ ಫಲಕ, ಶೋಕೇಸ್, ಬೆಳಕು. ಬಂದವರು ಕೊಳ್ಳುತ್ತಿಲ್ಲವೆಂದರೆ ತೊಂದರೆ ಬೆಲೆಯಲ್ಲೋ ಜೋಡಣೆಯಲ್ಲೋ. ಒಂದೇ ಸರಕು ಕೊಂಡು ಹೋಗುತ್ತಿದ್ದರೆ ಜೊತೆಗೆ ಹೋಗಬೇಕಾದ್ದು ದೂರದಲ್ಲಿದೆ. ಒಮ್ಮೆಗೆ ಒಂದನ್ನೇ ಬದಲಾಯಿಸಿ. ಲೈಟು, ರ್‍ಯಾಕು, ಶೋಕೇಸು ಮೂರನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಹಬ್ಬದ ವಾರವನ್ನು ಮಾಮೂಲು ವಾರದ ಜೊತೆ, ತಿಂಗಳ ಮೊದಲ ವಾರವನ್ನು ಕೊನೆಯ ವಾರದ ಜೊತೆ ಹೋಲಿಸಬೇಡಿ. ಸಂಬಳದ ಊರಿದು.

ಎಷ್ಟು ದಿನಕ್ಕೊಮ್ಮೆ ಜೋಡಣೆ ಬದಲಾಯಿಸಬೇಕು?

ಬಟ್ಟೆ, ಉಡುಗೊರೆ ಅಂಗಡಿಯಲ್ಲಿ ಮುಂದಿನ ಮೇಜು ಮತ್ತು ಶೋಕೇಸನ್ನು ಎರಡು ವಾರಕ್ಕೊಮ್ಮೆ ಬದಲಾಯಿಸಿ, ದಿನವೂ ಹಾದುಹೋಗುವವರಿಗೆ ಹೊಸದು ಬಂದಿದೆ ಎನಿಸುತ್ತದೆ. ದಿನಸಿ ಅಂಗಡಿಯಲ್ಲಿ ಬಾಗಿಲೆದುರಿನ ಒಂದು ರ್‍ಯಾಕ್ ಮಾತ್ರ ಬದಲಾಗಲಿ. ಉಪ್ಪು, ಬೇಳೆ, ಎಣ್ಣೆಯ ಜಾಗವನ್ನು ಕದಲಿಸಬೇಡಿ. ಹತ್ತು ವರ್ಷದಿಂದ ಬರುತ್ತಿರುವ ಅಜ್ಜಿ ಕಣ್ಣು ಹಾಯಿಸದೆ ಕೈ ಹಾಕಿ ತೊಗರಿಬೇಳೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಪಾತ್ರೆ ತೊಳೆಯುವ ಪುಡಿ ಸಿಕ್ಕರೆ ಅವರು ಮುಂದಿನ ವಾರದಿಂದ ಎದುರಿನ ಅಂಗಡಿಗೆ ಹೋಗುತ್ತಾರೆ.